ಹವಾಲ್ದಾರ ಸಂಗಣ್ಣನೂ ಬೈರಶಕ್ತಿ ಹುರಿಹಿಟ್ಟೂ

ನಮ್ಮ ಟಿ. ದಾಸರಹಳ್ಳಿಯಲ್ಲಿ ಮನುಷ್ಯ ಹುಟ್ಟಿದರೆ ಫ್ಲೆಕ್ಸ್, ಸತ್ತರೆ ಫ್ಲೆಕ್ಸ್. ನಡುವೆ ಅಯ್ಯಪ್ಪನ ಮಾಲೆ ಹಾಕಿದರೂ, ಹೊಸ ಆಟೋ ತಂದರೂ ಫ್ಲೆಕ್ಸ್. ಮೇಲೆ ದೊಡ್ಡದಾಗಿ ಯಾರಿಗೆ ಶುಭವಾಗಬೇಕೋ ಅವರ ಮುಖ, ಕೆಳಗೆ ಶುಭ ಕೋರುವವರ ಮುಖಗಳ ಸಾಲು. ಆ ಸಾಲಿನಲ್ಲಿ ಜಾಗ ಸಿಗದವನು ಬಡಾವಣೆಯಲ್ಲಿ ಇದ್ದೂ ಇಲ್ಲದ ಹಾಗೆ. ನಾನೇನೋ ಇದನ್ನೆಲ್ಲ ಹೀಯಾಳಿಸುವವನು ಎಂದು ತಿಳಿಯಬೇಡಿ. ಈಗ ಹೇಳಹೊರಟಿರುವ ಫ್ಲೆಕ್ಸಿನ ಕೆಳಸಾಲಿನಲ್ಲಿ ಎಡದಿಂದ ನಾಲ್ಕನೆಯ ಮುಖ ನನ್ನದೇ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಬೋಲ್ಟುಗಳ ಅಳತೆ ನೋಡಿ, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಆಚೆಗೆ ಎಸೆಯುವುದು ನನ್ನ ಉದ್ಯೋಗ. ಅಂಥ ನಾನೇ ಆ ಫ್ಲೆಕ್ಸನ್ನು ಅಚ್ಚಿಗೆ ಮೊದಲು ನೋಡಿ "ಫಸ್ಟ್ ಕ್ಲಾಸಾಗಿದೆ" ಎಂದು ಒಪ್ಪಿಗೆ ಕೊಟ್ಟಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ.

ಫ್ಲೆಕ್ಸ್ ಹಾಕಿಸಿದವರು ನಮ್ಮ ಪಕ್ಕದ ಮನೆಯ ಚಿಕ್ಕಬೈರಪ್ಪನವರು. ಅವರಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಕಟ್ಟಡವಿದೆ, ಕೋಣೆಗೊಂದು ಬಾಡಿಗೆ ಸಂಸಾರವಿದೆ. ಹೊಲ ಹೋದಮೇಲೆ ಚಿಕ್ಕಬೈರಪ್ಪನವರಿಗೆ ಮಾಡಲು ಕೆಲಸವಿರಲಿಲ್ಲ. ಕೆಲಸವಿಲ್ಲದ ಮನುಷ್ಯ ಪುಣ್ಯಕ್ಷೇತ್ರಕ್ಕೆ ಹೋಗಬೇಕು, ಇಲ್ಲವೇ ಕಂಪನಿ ತೆರೆಯಬೇಕು. ಅವರು ಕಂಪನಿ ತೆರೆದರು. ಹೆಂಡತಿ ಭಾಗ್ಯಮ್ಮ ಮನೆಯಲ್ಲಿ ಮಾಡುತ್ತಿದ್ದ ರಾಗಿ ಹುರಿಹಿಟ್ಟನ್ನು ಪೊಟ್ಟಣಕ್ಕೆ ತುಂಬಿ, ಅದಕ್ಕೆ 'ಬೈರಶಕ್ತಿ' ಎಂದು ಹೆಸರಿಟ್ಟರು. ಹುರಿಹಿಟ್ಟು ನಿಜಕ್ಕೂ ಚೆನ್ನಾಗಿತ್ತು. ಆದರೆ ಯಾರೂ ಕೊಳ್ಳುತ್ತಿರಲಿಲ್ಲ.

ಕೊಳ್ಳದವರಲ್ಲಿ ಮೊದಲಿಗ ಭಾಗ್ಯಮ್ಮನ ಸ್ವಂತ ತಮ್ಮ ನಂದೀಶ. ಅವನದು ಜಿಮ್ ಇದೆ. ಅಲ್ಲಿ ಬಕೆಟ್ಟಿನಷ್ಟು ದೊಡ್ಡ ಡಬ್ಬಗಳಲ್ಲಿ ಪ್ರೋಟೀನ್ ಪುಡಿ ಮಾರುತ್ತಾನೆ. ಒಂದು ಭಾನುವಾರ ನಮ್ಮೆಲ್ಲರ ಎದುರಿಗೇ ಅವನು ಭಾವನನ್ನು ಕೆಣಕಿದ.

"ಭಾವ, ನನ್ನ ಡಬ್ಬದ ಮೇಲೆ ನೋಡಿ, ಎಂಥಾ ಬಾಡಿ! ನಿಮ್ಮ ಪ್ಯಾಕೆಟ್ ಮೇಲೆ ಏನಿದೆ? ರಾಗಿ ತೆನೆ. ರಾಗಿ ತೆನೆ ನೋಡಿ ಯಾರಾದ್ರೂ ಎದೆ ಉಬ್ಬಿಸ್ತಾರಾ?"

"ಇದನ್ನ ಕುಡ್ದೇ ಕಣ್ಲಾ ನಮ್ಮಪ್ಪ ಓಡೋದ ಓರಿ ಇಡ್ಕೊಂಬರಕ್ಕೆ ನೆಲಮಂಗ್ಲದ ತಂಕ ಓಡಿದ್ದು."

"ಅವರ ಫೋಟೋ ಇದ್ಯಾ?"

"ಓಡೋವಾಗ ಯಾರ್ಲಾ ಫೋಟೋ ಇಡೀತಾರೆ?"

"ಮತ್ತೆ! ಕುಡಿದು ಬಾಡಿ ಬಂದವರು ಒಬ್ಬರನ್ನ ತೋರಿಸಿ ಭಾವ, ಒಬ್ಬರನ್ನ."

ಚಿಕ್ಕಬೈರಪ್ಪನವರು ಸುತ್ತ ನೋಡಿದರು. ಅಲ್ಲಿ ಬೈರಶಕ್ತಿ ಕುಡಿದವನೆಂದರೆ ನಾನೊಬ್ಬನೇ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ನಿಟ್ಟುಸಿರು ಬಿಟ್ಟು ಒಳಗೆ ಹೋದರು. ಇದರಿಂದ ನನಗೆ ಬೇಸರವಾಯಿತು ಎಂದು ಹೇಳಲೇಬೇಕು.

ಅದೇ ವಾರ ಎರಡನೇ ಮಹಡಿಯ ಬಾಡಿಗೆದಾರ ಮಲಕಪ್ಪ ಬಂದು ಬಾಗಿಲಲ್ಲಿ ನಿಂತ. ವಿಜಯಪುರದ ಕಡೆಯವನು, ಪೀಣ್ಯದಲ್ಲಿ ಲೇತ್ ಯಂತ್ರ ನಡೆಸುತ್ತಾನೆ.

"ಮಾಲಕ್ರ, ಶುಕ್ರವಾರ ನನ್ನ ತಮ್ಮ ಸಂಗಣ್ಣ ಬರಾಕತ್ತಾನ್ರಿ. ಮಿಲಿಟ್ರ್ಯಾಗ ಹವಾಲ್ದಾರ ಅದಾನ. ಒಂದ್ ವಾರ ನಮ್ಮ ಖೋಲ್ಯಾಗ ಇದ್ದು ಊರಿಗೆ ಹೊಕ್ಕಾನ. ಅಷ್ಟ್ ದಿನ ನೀರು ಒಂದೀಟು ಜಾಸ್ತಿ ಬಿಡ್ರಿ."

"ಮಿಲ್ಟ್ರಿನಾ?" ಚಿಕ್ಕಬೈರಪ್ಪನವರು ಎದ್ದು ನಿಂತರು. "ಎದೆ ಎಷ್ಟ್ ಅಗಲ ಐತೆ?"

"ನಾ ಅಳದಿಲ್ರಿ," ಎಂದ ಮಲಕಪ್ಪ ಗಾಬರಿಯಿಂದ. ಒಂದು ವಾರದ ನೀರಿಗೆ ಎದೆಯ ಅಗಲವೇಕೆ ಬೇಕು ಎಂಬುದು ಅವನಿಗೆ ತಿಳಿಯಲಿಲ್ಲ.

ಅರ್ಧ ಗಂಟೆಯಲ್ಲಿ ನಾವು ಮೂವರೂ ಮನುವಿನ ಫ್ಲೆಕ್ಸ್ ಅಂಗಡಿಯಲ್ಲಿದ್ದೆವು. ಮಲಕಪ್ಪನ ಮೊಬೈಲಿನಲ್ಲಿ ತಮ್ಮನ ಫೋಟೋ ಇದ್ದದ್ದು ಒಂದೇ. ಮಲಕಪ್ಪನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ, ಬಿಳಿ ಅಂಗಿ ತೊಟ್ಟ ಸಂಗಣ್ಣ ಕೂಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತದ್ದು.

"ಯೂನಿಫಾರ್ಮ್‌ನಲ್ಲಿರೋದು ಇಲ್ವಾ ಅಣ್ಣ?" ಎಂದ ಮನು.

"ಅಂವ ಕಳಸೂದಿಲ್ರಿ. ರೂಲ್ಸ್ ಇಲ್ಲ ಅಂತಾನ."

ರೂಲ್ಸ್ ಎಂಬ ಮಾತು ಈ ಪ್ರಕರಣದಲ್ಲಿ ಮೊದಲು ಕೇಳಿಬಂದದ್ದು ಅಲ್ಲಿ. ಅಂಗಡಿಯಲ್ಲಿ ನಾಲ್ಕು ಜನ ಇದ್ದೆವು, ಒಟ್ಟು ಎಂಟು ಕಿವಿ. ಒಂದಕ್ಕೂ ಅದು ಬೀಳಲಿಲ್ಲ.

"ಬಿಡಿ, ಹೊಲಿದೇ ಬಿಡ್ತೀನಿ," ಎಂದು ಮನು ಕಂಪ್ಯೂಟರಿನ ಮುಂದೆ ಕೂತ. ಬಿಳಿ ಅಂಗಿಯ ಮೇಲೆ ಹಸಿರು ಕಂದು ಮಚ್ಚೆಗಳು ಬಂದವು. ತಲೆಗೆ ಟೋಪಿ ಬಂತು. ಎದೆಯ ಮೇಲೆ ಒಂಬತ್ತು ಪದಕ ಬಂದವು. ಅದರಲ್ಲಿ ಒಂದರ ಮೇಲೆ ಕಬಡ್ಡಿ ಆಡುವವರಿದ್ದರು. ಕೊನೆಗೆ ಮನು ಕೂಸನ್ನು ಅಳಿಸಿ ಆ ಜಾಗದಲ್ಲಿ ಬೈರಶಕ್ತಿ ಪೊಟ್ಟಣ ಕೂರಿಸಿದ. ನೋಟ ಮಾತ್ರ ಹಾಗೇ ಉಳಿಯಿತು. ಅಣ್ಣನ ಚೊಚ್ಚಲ ಮಗಳನ್ನು ನೋಡುವ ಮಮತೆಯಲ್ಲಿ ಯೋಧ ಹುರಿಹಿಟ್ಟನ್ನು ನೋಡುತ್ತಿದ್ದ. ಕೆಳಗೆ ಹಳದಿ ಅಕ್ಷರದಲ್ಲಿ, "ಗಡಿ ಕಾಯುವ ಎದೆಗೆ ಬೈರಶಕ್ತಿಯೇ ಬಲ! ವೀರಯೋಧ ಹವಾಲ್ದಾರ್ ಸಂಗಣ್ಣನವರಿಗೆ ಸುಸ್ವಾಗತ."

ಫಸ್ಟ್ ಕ್ಲಾಸಾಗಿದೆ ಎಂದು ನಾನು ಹೇಳಿದ್ದು ಆಗಲೇ.

ಶುಕ್ರವಾರ ಬೆಳಿಗ್ಗೆ ಮೆಟ್ರೋ ಮೆಟ್ಟಿಲ ಬುಡದಲ್ಲಿ ತಮಟೆ, ಹಾರ, ಜನ. ಎದುರಿಗೇ ಎರಡಾಳೆತ್ತರದ ಫ್ಲೆಕ್ಸ್. ಹೆಗಲಿಗೆ ಚೀಲ ಹಾಕಿಕೊಂಡು ಸಂಗಣ್ಣ ಇಳಿದು ಬಂದ. ಅತ್ತಿಗೆ ರುಕ್ಮವ್ವ ಆರತಿ ಎತ್ತಿದಳು. ಅವನ ಕೊರಳಿಗೆ ಆಟೋ ನಿಲ್ದಾಣದ ರೇವಣಸಿದ್ದ ಸೇಬಿನ ಹಾರ ಹಾಕಿದ. ಸಂಗಣ್ಣ ನಾಚಿಕೊಂಡು ನಗುತ್ತಾ ತಲೆ ಎತ್ತಿದ. ನಗು ಅಲ್ಲೇ ನಿಂತಿತು. ಚೀಲ ಕೆಳಗೆ ಬಿತ್ತು.

"ಯಾರು ಮಾಡಿದ್ದಿದು?"

ಪೆರೇಡ್ ಮೈದಾನದ ದನಿ ಅದು. ತಮಟೆ ತಾನಾಗಿ ನಿಂತಿತು. ಎಲ್ಲರೂ ಹೆಮ್ಮೆಯಿಂದ ಚಿಕ್ಕಬೈರಪ್ಪನವರ ಕಡೆ ಕೈ ತೋರಿಸಿದರು. ಅವರು ಅಪ್ಪುಗೆಗೆ ಸಿದ್ಧರಾಗಿ ಎರಡೂ ತೋಳು ಚಾಚಿ ಮುಂದೆ ಬಂದರು.

"ಮಾಲಕ್ರ," ಎಂದ ಸಂಗಣ್ಣ, ಅವರನ್ನು ಬದಿಗೆ ಕರೆದು. "ನೌಕರಿ ಸೇರಿ ಹದಿನೆಂಟ ವರ್ಷ ಆತ್ರಿ. ನಾಯಬ್ ಸುಬೇದಾರ್ ಆಗೂ ಪಟ್ಟಿಯೊಳಗ ಈಗ ಹೆಸರು ಬಂದೈತಿ. ರಜಾ ಮುಗಿಸಿ ಹೋದ್ರ ಹೆಗಲ ಮ್ಯಾಗ ಸ್ಟಾರ್ ಹಾಕ್ತಾರ. ಈ ಚಿತ್ರ ನಮ್ಮ ಯೂನಿಟ್‌ಗೆ ಮುಟ್ಟಿತಂದ್ರ ಸ್ಟಾರ್ ಇಲ್ಲ, ವಿಚಾರಣಾ ಹಾಕ್ತಾರ. ಸೈನ್ಯದಾಗಿರಾಂವ ಯಾವ ಮಾಲಿಗೂ ಜಾಹೀರಾತ್ ಆಗೂ ಹಂಗಿಲ್ರಿ. ವರ್ದಿ ಹಾಕ್ಕೊಂಡಂತೂ ಆಗೂದ ಇಲ್ಲ."

"ಇದು ಮಾಲಲ್ಲ ಕಣಪ್ಪ. ರಾಗಿ."

"ರಾಗೀನೂ ಮಾಲೇ ರೀ."

"ಮಕ್ಳು ಕುಡಿಯೋದು!"

"ಮಕ್ಕಳು ಕುಡ್ಯೂದೂ ಮಾಲೇ. ಇಳಸ್ರಿ ಅದನ್ನ. ಇವತ್ತೇ ಇಳಸ್ರಿ."

ಇಳಿಸುವುದೇನು ಮಹಾ ಎಂದು ನಾವು ಅಂದುಕೊಂಡೆವು. ದಾಸರಹಳ್ಳಿಯಲ್ಲಿ ಫ್ಲೆಕ್ಸ್ ಏರಿಸಲು ಒಂದು ಏಣಿ ಸಾಕು. ಯೋಧನ ಫ್ಲೆಕ್ಸ್ ಇಳಿಸಲು ಏನೇನು ಬೇಕು ಎಂಬುದು ಆಗ ಗೊತ್ತಿರಲಿಲ್ಲ.

ಮೊದಲು ಸಂಗಣ್ಣನೇ ಆಟೋದವರ ಬಳಿ ಹೋಗಿ ಕೈಮುಗಿದ. "ಅಣ್ಣಾರ, ನನಗ ಇದು ಬ್ಯಾಡ. ತಗೀರಿ." ರೇವಣಸಿದ್ದನ ಕಣ್ಣಲ್ಲಿ ನೀರು ಬಂತು. "ನೋಡ್ರೋ, ಎಂಥಾ ವಿನಯ ಐತಿ ನೋಡ್ರೋ ಮನಷ್ಯಾಗ!" ಎಂದು ಅವನು ಫ್ಲೆಕ್ಸಿಗೂ ಒಂದು ಹಾರ ಹಾಕಿಸಿದ, ಕಾವಲಿಗೆ ಇಬ್ಬರನ್ನು ಕೂರಿಸಿದ.

ಮಧ್ಯಾಹ್ನ ಮಲಕಪ್ಪ ಬ್ಲೇಡ್ ಹಿಡಿದು ಏಣಿ ಹತ್ತಿದ. ಎರಡು ಮೆಟ್ಟಿಲು ಹತ್ತುವುದರೊಳಗೆ ಕಾಲು ಹಿಡಿದು ಎಳೆದರು.

"ಯೋಧನ ಫ್ಲೆಕ್ಸ್ ಹರೀತೀ ಏನಲೇ?" ಎಂದ ರೇವಣಸಿದ್ದ.

"ನಮ್ಮ ತಮ್ಮನ್ರೀ ಅಂವ!"

"ತಮ್ಮ ಆದ್ರ ಹರೀತಿಯೇನು? ಒಡಹುಟ್ಟಿದಾಂವ ಅನ್ನೂ ಅಭಿಮಾನನೂ ಇಲ್ಲೇನ ನಿನಗ?"

ಮರುದಿನ ಚಿಕ್ಕಬೈರಪ್ಪನವರು ಎದೆ ಗಟ್ಟಿಮಾಡಿಕೊಂಡು, ದನಿ ಬದಲಿಸಿ, ತಮ್ಮದೇ ಅನಧಿಕೃತ ಫ್ಲೆಕ್ಸಿನ ಮೇಲೆ ತಾವೇ ಫೋನಿನಲ್ಲಿ ದೂರು ಕೊಟ್ಟರು. ಫ್ಲೆಕ್ಸ್ ತೆಗೆಯುವ ಲಾರಿ ಬಂತು. ರಸ್ತೆಯ ಎರಡೂ ಬದಿಯ ಹುಟ್ಟುಹಬ್ಬ, ಗೃಹಪ್ರವೇಶ, ಪುಣ್ಯತಿಥಿ ಎಲ್ಲವನ್ನೂ ಕಿತ್ತು ಲಾರಿಗೆ ಎಸೆದರು. ಸಂಗಣ್ಣನ ಮುಂದೆ ಬಂದವರು ನಿಂತರು, ಚಪ್ಪಲಿ ಬಿಟ್ಟರು, ಸೆಲ್ಯೂಟ್ ಹೊಡೆದು ಹೊರಟುಹೋದರು. ಅಲ್ಲಿಯವರೆಗೆ ನೂರು ಫ್ಲೆಕ್ಸಿನ ನಡುವೆ ಒಂದಾಗಿದ್ದದ್ದು ಈಗ ಇಡೀ ರಸ್ತೆಗೆ ಒಂದೇ ಫ್ಲೆಕ್ಸ್ ಆಗಿ ಪೀಣ್ಯದ ಕಡೆಯಿಂದಲೂ ಕಾಣತೊಡಗಿತು.

ನಂತರದ ಉಪಾಯ ನನ್ನದು, ಒಪ್ಪಿಕೊಳ್ಳುತ್ತೇನೆ. ಹರಿಯುವುದು ಬೇಡ, ಒಂದು ಸ್ಪಷ್ಟೀಕರಣ ಅಂಟಿಸೋಣ ಎಂದೆ. "ಈ ಯೋಧರಿಗೂ ಬೈರಶಕ್ತಿ ಹುರಿಹಿಟ್ಟಿಗೂ ಯಾವುದೇ ಸಂಬಂಧ ಇರುವುದಿಲ್ಲ" ಎಂದು ಮನು ಕೆಂಪು ಅಕ್ಷರದಲ್ಲಿ ಅಚ್ಚುಮಾಡಿ ಕೊಟ್ಟ. ಅಂಟಿಸಿದ ಐದು ನಿಮಿಷಕ್ಕೆ ಹಾಲಿನ ಬೂತಿನ ಅನುಸೂಯಮ್ಮ ಅದರ ಮುಂದೆ ನಿಂತರು. ಅವರ ಸುತ್ತ ಇನ್ನಷ್ಟು ಹೆಂಗಸರು ನಿಂತರು.

"ಸಂಬಂಧ ಇಲ್ಲ ಅಂತ ಇಷ್ಟ್ ದೊಡ್ಡದಾಗಿ ಯಾಕ್ರೀ ಬರೀತಾರೆ?" ಎಂದರು ಅನುಸೂಯಮ್ಮ, ದನಿ ತಗ್ಗಿಸಿ. "ಮಿಲಿಟ್ರಿಯವರು ಕುಡಿಯೋದೇ ಇದನ್ನ ಕಣ್ರೀ. ಹೊರಗೆ ಹೇಳಂಗಿಲ್ಲ, ಅಷ್ಟೆ. ದೇಶದ ಗುಟ್ಟು."

ಸಂಜೆಯೊಳಗೆ ಬೈರಶಕ್ತಿ ಒಂದು ಪೊಟ್ಟಣವೂ ಉಳಿಯಲಿಲ್ಲ. ಭಾನುವಾರ ಭಾಗ್ಯಮ್ಮ ರಾಗಿ ಹುರಿದು ಹುರಿದು ತೋಳು ಎತ್ತಲಾರದೆ ಕೂತರು. ನಂದೀಶನೇ ಎರಡು ಪೊಟ್ಟಣ ಕೇಳಿ ಒಯ್ದ, ಅದೂ "ಭಾವನವರೇ" ಎಂದು ಬಹುವಚನದಲ್ಲಿ. ಚಿಕ್ಕಬೈರಪ್ಪನವರು ಮೀಸೆಗೆ ಎಣ್ಣೆ ಹಚ್ಚಿಕೊಂಡು ವರಾಂಡದಲ್ಲಿ ಕುಳಿತರು. ಸಂಗಣ್ಣ ಬಂದು ಎದುರಿಗೆ ನಿಂತಾಗ ಅವರ ಮಾತಿನ ಧಾಟಿಯೇ ಬದಲಾಗಿತ್ತು.

"ಇನ್ನೊಂದ್ ವಾರ ಇರ್ಲಿ ಬುಡಪ್ಪ. ನಿಮ್ ಯೂನಿಟ್ ಎಲ್ಲೋ ಮಂಜ್ನಾಗೈತೆ. ಅಲ್ಲೀಗಂಟ ದಾಸ್ರಳ್ಳಿ ಕಾಣ್ತದಾ?"

ಒಳಗಿನಿಂದ ಸೌಟು ಹಿಡಿದೇ ಭಾಗ್ಯಮ್ಮ ಬಂದರು. "ಏನೂಂದ್ರೆ, ಆ ಮಗೀನ ಅದ್ನೆಂಟು ವರ್ಸದ ಗೇಮೆ ಅದು. ನಿಮ್ ಪೊಟ್ಣಕ್ಕೆ ಅದ್ನ ಬಲಿ ಕೊಡ್ತೀರಾ? ಅಂಗ್ ಬಂದಿದ್ ಯಾಪಾರ ನಂಗ್ ಬ್ಯಾಡ. ಆ ಬಾಣ್ಲಿ ನಾನ್ ಮುಟ್ಟಕಿಲ್ಲ."

ಚಿಕ್ಕಬೈರಪ್ಪನವರು ಮೀಸೆಯಿಂದ ಕೈ ತೆಗೆಯುವಷ್ಟರಲ್ಲಿ ಯಾರೋ ಓಡಿಬಂದು ಸುದ್ದಿ ಹೇಳಿದರು. ಫ್ಲೆಕ್ಸಿನ ಮುಂದೆ ಒಬ್ಬರು ನಿಂತಿದ್ದಾರೆ. ಗಿಡ್ಡ ಕ್ರಾಪು, ಗಿರಿಜಾ ಮೀಸೆ, ಕನ್ನಡಿಯಂಥ ಬೂಟು. ಫೋಟೋ ಹಿಡಿಯುತ್ತಿದ್ದಾರೆ. ಚಿಕ್ಕಬೈರಪ್ಪನವರು ಪಂಚೆ ಎತ್ತಿಕಟ್ಟಿ ಓಡಿದರು. ಹಿಂದೆಯೇ ಸಂಗಣ್ಣ ಓಡಿದ. ನಾನೂ ಓಡಿದೆ, ಆದರೆ ಸ್ವಲ್ಪ ಹಿಂದೆ. ಹೋದವರೇ ಚಿಕ್ಕಬೈರಪ್ಪನವರು ಆ ಬೂಟಿನ ಮುಂದೆ ಉದ್ದಂಡ ಬಿದ್ದರು.

"ಸಾಮಿ, ಗೊತ್ತಿಲ್ದೆ ಆಗೋಯ್ತು! ನಮ್ಮನ್ನೆಲ್ಲ ಗಡಿಗೆ ಕಳಿಸ್ಬ್ಯಾಡಿ!"

"ಏಳಿ ಏಳಿ," ಎಂದರು ಅವರು. ಅವರು ನಿವೃತ್ತ ಸುಬೇದಾರ್ ಚಿನ್ನಪ್ಪ, ಕೊಡಗಿನವರು. ಪೀಣ್ಯದ ಕಾರ್ಖಾನೆಯೊಂದರ ಭದ್ರತಾ ಅಧಿಕಾರಿ. "ನಾನೀಗ ಸೇವೆಯಲ್ಲಿಲ್ಲ. ಆದರೆ ನಾಳೆ ಹನ್ನೊಂದು ಗಂಟೆಗೆ ನಮ್ಮ ಮಾಜಿ ಸೈನಿಕರ ಸಂಘದ ಸಭೆ ಇದೆ. ಸೈನ್ಯದ ದೊಡ್ಡ ಅಧಿಕಾರಿಗಳು ಇದೇ ರಸ್ತೆಯಲ್ಲಿ ಬರ್ತಾರೆ. ಈ ಹುಡುಗನ ಹೆಸರು ಬೇರೆ ಬರೆದುಬಿಟ್ಟಿದ್ದೀರಲ್ಲ! ಅವರ ಕಣ್ಣಿಗೆ ಬಿತ್ತು ಅಂದರೆ ಸಂಜೆಯೊಳಗೆ ಇವನ ಯೂನಿಟ್ಟಿಗೆ ಫೋನ್ ಹೋಗುತ್ತೆ."

ಚಿಕ್ಕಬೈರಪ್ಪನವರು ಏಳಲಿಲ್ಲ. ಬಿದ್ದಲ್ಲಿಂದಲೇ ತಲೆ ಎತ್ತಿ ಫ್ಲೆಕ್ಸನ್ನು ನೋಡಿದರು, ಪಕ್ಕದಲ್ಲಿ ಬೆವರುತ್ತಾ ನಿಂತ ಸಂಗಣ್ಣನನ್ನು ನೋಡಿದರು. ಆಮೇಲೆ ಎದ್ದು ಮನೆಗೆ ಹೋದರು.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅವರು ಅಟ್ಟದ ಮೇಲಿನ ಕುಡುಗೋಲು ಹಿಡಿದು ಬಂದರು. ರಾಗಿ ಕೊಯ್ಯುವುದು ನಿಂತಮೇಲೆ ಅದು ಹೊರಗೆ ಬಂದದ್ದು ಇದೇ ಮೊದಲು. ಕಾವಲಿನವರು ಚಹಾ ಕುಡಿಯಲು ಹೋಗಿದ್ದರು. ಅವರಿಗೆ ಚಹಾ ಕೊಡಿಸುತ್ತಿದ್ದವನು ನಾನು. ತಿರುಗಿ ನೋಡುವಷ್ಟರಲ್ಲಿ ಚಿಕ್ಕಬೈರಪ್ಪನವರು ಫ್ಲೆಕ್ಸಿನ ಮರದ ಚೌಕಟ್ಟಿನ ತುದಿಯಲ್ಲಿದ್ದರು.

"ಯೋಧನಿಗೆ ಕುಡಗೋಲು ಹಾಕಾಕತ್ತಾನೋ!" ಎಂದು ರೇವಣಸಿದ್ದ ಕೂಗಿದ. ಮೂವತ್ತು ಆಟೋ ಖಾಲಿಯಾದವು. ಬಸ್ಸಿನಿಂದ ಜನ ಇಳಿದರು. ನಂದೀಶ ಮೊಬೈಲ್ ಎತ್ತಿ ಹಿಡಿದು "ಭಾವ, ಬೇಡ ಭಾವ! ಸ್ವಲ್ಪ ಈ ಕಡೆ ತಿರುಗಿ ಭಾವ!" ಎಂದು ಬೇಡಿಕೊಳ್ಳುತ್ತಿದ್ದ.

"ಅರೀತೀನಿ ಕಣ್ರಲಾ!" ಎಂದರು ಚಿಕ್ಕಬೈರಪ್ಪನವರು ಮೇಲಿನಿಂದ. "ನಾನೇ ಕಟ್ಸಿದ್ದು, ನಾನೇ ಅರೀತೀನಿ! ಬೇಕಾದ್ದ್ ಅನ್ಕೊಳ್ಳಿ!"

ಎಡದ ಹಗ್ಗ ಕತ್ತರಿಸಿದರು, ಬಲದ್ದನ್ನೂ ಕತ್ತರಿಸಿದರು. ಫ್ಲೆಕ್ಸ್ ಮಡಿಚಿಕೊಂಡು ಕೆಳಗೆ ಬಂತು, ಜೊತೆಗೆ ಚಿಕ್ಕಬೈರಪ್ಪನವರೂ ಬಂದರು, ಹೂವಿನವಳ ಗಾಡಿಯ ಮೇಲೆ. ಸರಿಯಾಗಿ ಹನ್ನೊಂದಕ್ಕೆ ಸೈನ್ಯದ ಎರಡು ಕಾರುಗಳು ಆ ಜಾಗದಲ್ಲಿ ನಿಧಾನವಾಗಿ ಹಾದುಹೋದವು. ಅವರಿಗೆ ಕಂಡದ್ದು ಸೇವಂತಿಗೆ ರಾಶಿಯ ಮೇಲೆ ಒಂದು ದೊಡ್ಡ ಸುರುಳಿ, ಅದರ ತುದಿಯಲ್ಲಿ ಒದ್ದಾಡುವ ಎರಡು ಕಾಲು.

ಜನ ಸುರುಳಿಯನ್ನು ಹಾಗೇ ಹೊತ್ತು ಠಾಣೆಗೆ ಒಯ್ದರು. ಇನ್‌ಸ್ಪೆಕ್ಟರ್ ಕರಿಬಸಪ್ಪ ಹೊಸದಾಗಿ ವರ್ಗವಾಗಿ ಬಂದವರು. ಬಿಚ್ಚಿಸಿದರು. ಒಳಗಿಂದ ಚಿಕ್ಕಬೈರಪ್ಪನವರು ಹೊರಬಿದ್ದರು.

"ದೇಶದ್ರೋಹದ ಕೇಸ್ ಹಾಕ್ರಿ ಸಾಹೇಬ್ರ!" ಎಂದ ರೇವಣಸಿದ್ದ.

ಅಷ್ಟರಲ್ಲಿ ಸಭೆಯನ್ನು ಅರ್ಧಕ್ಕೇ ಬಿಟ್ಟು, ಜನರನ್ನು ಸರಿಸಿಕೊಂಡು ಚಿನ್ನಪ್ಪ ಬಂದರು, ಅವರ ಹಿಂದೆ ಲುಂಗಿ ಬನಿಯನ್ನಿನಲ್ಲೇ ಓಡಿಬಂದಿದ್ದ ಸಂಗಣ್ಣ. "ಅವರದೇನೂ ತಪ್ಪಿಲ್ರಿ ಸರ," ಎಂದ ಸಂಗಣ್ಣ. "ನಾನ ಹರೀರಿ ಅಂದಿದ್ದೆ. ಆ ಚಿತ್ರದಾಗ ಇರಾಂವ ನಾನ ರೀ."

ಇನ್‌ಸ್ಪೆಕ್ಟರ್ ನೆಲದ ಮೇಲೆ ಹರಡಿದ್ದ ಫ್ಲೆಕ್ಸ್ ನೋಡಿದರು. ಮನು ಯಾರ ಮುಖವನ್ನೂ ದೇವರು ಕೊಟ್ಟ ಬಣ್ಣದಲ್ಲಿ ಬಿಡುವವನಲ್ಲ. ಫ್ಲೆಕ್ಸಿನ ಯೋಧ ಮೊಸರಿನಷ್ಟು ಬೆಳ್ಳಗಿದ್ದ, ತುಟಿ ದಾಳಿಂಬೆ ಕೆಂಪಗಿತ್ತು, ಗಲ್ಲ ನುಣ್ಣಗಿತ್ತು. ಎದುರಿಗೆ ನಿಂತವನು ಹದಿನೆಂಟು ವರ್ಷ ಬಿಸಿಲು ಹಿಮ ತಿಂದ ಕಪ್ಪು ಮನುಷ್ಯ, ಗಲ್ಲದ ಮೇಲೆ ಗಾಯದ ಗೆರೆ.

"ಸುಳ್ಳು ಹೇಳ್ತೀರೇನ್ರೀ?" ಎಂದು ಇನ್‌ಸ್ಪೆಕ್ಟರ್ ಗದರಿದರು. "ಯಾವ ಕಡೆಯಿಂದ ನೋಡಿದ್ರೆ ಇದು ನೀವು? ಮೂಗಿಲ್ಲ, ಕಣ್ಣಿಲ್ಲ, ಯಾವುದೂ ಹೊಂದಲ್ಲ. ಪದಕ ನೋಡಿ, ಇದು ಕಬಡ್ಡಿ! ಇವನು ಯೋಧನೇ ಅಲ್ಲ."

"ನಾನ ರೀ ಸರ, ಖರೇನ—" ಎಂದು ಸಂಗಣ್ಣ ಬಾಯಿ ತೆರೆದ. ಚಿನ್ನಪ್ಪ ಅವನ ಕಾಲನ್ನು ಬೂಟಿನಿಂದ ಒತ್ತಿದರು.

"ಸಾರ್," ಎಂದರು ಚಿನ್ನಪ್ಪ ಬಹಳ ಮೃದುವಾಗಿ, "ಈಗ ಹೇಳಿದ್ರಲ್ಲ, ಅದನ್ನ ಒಂದು ಹಾಳೆಯ ಮೇಲೆ ಬರೆದು ಸೀಲ್ ಹಾಕಿ ಕೊಡ್ತೀರಾ?"

ಇನ್‌ಸ್ಪೆಕ್ಟರ್ ಬರೆದುಕೊಟ್ಟರು. "ಪರಿಶೀಲಿಸಲಾಗಿ, ಫ್ಲೆಕ್ಸಿನಲ್ಲಿರುವ ವ್ಯಕ್ತಿಗೂ ಹವಾಲ್ದಾರ್ ಸಂಗಣ್ಣ ಅವರಿಗೂ ಯಾವುದೇ ಹೋಲಿಕೆ ಕಂಡುಬಂದಿರುವುದಿಲ್ಲ." ಚಿತ್ರದಲ್ಲಿರುವವನು ಯೋಧನೇ ಅಲ್ಲವಾದ್ದರಿಂದ ದ್ರೋಹವೂ ಇಲ್ಲವಾಯಿತು. ಅನುಮತಿಯಿಲ್ಲದೆ ಫ್ಲೆಕ್ಸ್ ಕಟ್ಟಿದ್ದಕ್ಕೆ ಅರ್ಧ ಗಂಟೆ ಬೈಸಿಕೊಂಡು ಚಿಕ್ಕಬೈರಪ್ಪನವರು ಹೊರಬಂದರು. ಇಡೀ ಪ್ರಕರಣದಲ್ಲಿ ನಿಜವಾಗಿ ನೊಂದವನು ಮನು. "ನನ್ನ ಕೆಲಸದಲ್ಲಿ ಹೋಲಿಕೆ ಇಲ್ಲ ಅಂತ ಸರ್ಕಾರಿ ಸೀಲ್ ಹಾಕಿಬಿಟ್ರಲ್ಲ ಅಣ್ಣ" ಎಂದು ಎರಡು ದಿನ ಅಂಗಡಿ ತೆರೆಯಲಿಲ್ಲ.

ಸಂಗಣ್ಣ ಮುಚ್ಚಿಡುವವನಲ್ಲ. ನಡೆದದ್ದನ್ನೆಲ್ಲ ಬರೆದು, ಆ ಪತ್ರವನ್ನೂ ಫ್ಲೆಕ್ಸಿನ ಫೋಟೋವನ್ನೂ ತಾನೇ ಯೂನಿಟ್ಟಿಗೆ ಕಳಿಸಿದ. ಅಲ್ಲಿಂದ ಸುಬೇದಾರ್ ಮೇಜರ್ ಸಾಹೇಬರು ಒಂದೇ ಸಾಲಿನ ಉತ್ತರ ಬರೆದರು: "ಫೋಟೋದಲ್ಲಿರುವ ಈ ಚೆಲುವ ಯಾರು?"

ಚಿಕ್ಕಬೈರಪ್ಪನವರಿಗೆ ಮಾತ್ರ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. ನಂದೀಶ ತೆಗೆದ ವಿಡಿಯೋ ಎಲ್ಲರ ಮೊಬೈಲಿಗೂ ಹೋಯಿತು. ಪೊಟ್ಟಣ ಒಯ್ದವರು ತಂದು ಗೇಟಿನ ಮುಂದೆ ಇಟ್ಟು ಹೋದರು. ಅನುಸೂಯಮ್ಮ ಹಾಲು ಕೊಡುವಾಗ ಮುಖ ತಿರುಗಿಸಿದರು. ವರಾಂಡದಲ್ಲಿ ಕೂರುವುದನ್ನೇ ಚಿಕ್ಕಬೈರಪ್ಪನವರು ಬಿಟ್ಟರು. ಅವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಆದರೂ ಬೀದಿಯಲ್ಲಿ ಮಾತನಾಡಿಸುವ ಧೈರ್ಯ ನನಗೂ ಬರಲಿಲ್ಲ.

ರಜೆ ಮುಗಿದು ಊರಿನಿಂದ ಮರಳುವಾಗ ಸಂಗಣ್ಣ ಮತ್ತೆ ಬಂದ. ಆ ದಿನವೇ ಫೋನ್ ಬಂತು: ಬಡ್ತಿಯ ಆದೇಶ ಹೊರಟಿದೆ, ಬಂದು ಸ್ಟಾರ್ ಹಾಕಿಸಿಕೋ. ಮಲಕಪ್ಪ ಕುಣಿದ, ರುಕ್ಮವ್ವ ಅತ್ತಳು. ಸಂಗಣ್ಣ ನೇರವಾಗಿ ಕೆಳಗಿಳಿದು ಬಂದು ಚಿಕ್ಕಬೈರಪ್ಪನವರ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತ. ಸಿಹಿಗೆಂದು ಮನೆಯಲ್ಲಿ ಬೇರೇನೂ ಇರಲಿಲ್ಲ. ಭಾಗ್ಯಮ್ಮ ಹಾಲು ಬೆಲ್ಲ ಹಾಕಿ ಹುರಿಹಿಟ್ಟು ಕಲಸಿ ಲೋಟದಲ್ಲಿ ಕೊಟ್ಟರು. ಅವನು ಒಂದು ಲೋಟ ಕುಡಿದ. ಎರಡು ಕುಡಿದ. ಮೂರನೆಯದನ್ನು ಕುಡಿದು ಬಾಯಿ ಒರೆಸಿಕೊಂಡ.

ಚಿಕ್ಕಬೈರಪ್ಪನವರು ಮೂಲೆಯಲ್ಲಿ ಕೂತು ನೋಡುತ್ತಿದ್ದರು. ತಡೆಯಲಾಗಲಿಲ್ಲ.

"ಎಂಗೈತಪ್ಪ?"

"ಹೇಳೂ ಹಂಗಿಲ್ರಿ ಮಾಲಕ್ರ."

"ಇಲ್ಲಿ ಯಾರವ್ರೆ? ಫ್ಲೆಕ್ಸಾ, ಫೋಟೋನಾ?"

"ನೀವ ಅದೀರಲ್ರಿ, ಕಂಪನಿ ಮಾಲಕ್ರು."

ಚಿಕ್ಕಬೈರಪ್ಪನವರ ಮುಖ ಬಾಡಿತು. "ಅಂಗಾದ್ರೆ ಚಂದಾಗಿಲ್ವಾ?"

"ಅದನ್ನೂ ಹೇಳೂ ಹಂಗಿಲ್ರಿ."

ಅವರು ತಲೆ ತಗ್ಗಿಸಿದರು. ಸಂಗಣ್ಣ ಬೆನ್ನು ನೆಟ್ಟಗೆ ಮಾಡಿ ಕೂತ, ನಿಯಮಕ್ಕೆ ಎಲ್ಲಿಯೂ ಭಂಗ ಬಾರದಂತೆ ತುಟಿ ಬಿಗಿ ಹಿಡಿದ, ನಾಲ್ಕನೆಯದಕ್ಕೆ ಖಾಲಿ ಲೋಟವನ್ನು ಭಾಗ್ಯಮ್ಮನ ಮುಂದೆ ಚಾಚಿದ.

ಚಿಕ್ಕಬೈರಪ್ಪನವರು ಲೋಟವನ್ನು ನೋಡಿದರು, ಅವನ ಮುಖ ನೋಡಿದರು, ಮತ್ತೆ ಲೋಟ ನೋಡಿದರು.

"ಏ ಭಾಗ್ಯ," ಎಂದರು, ಇಡೀ ಬೀದಿಗೆ ಕೇಳಿಸುವ ಹಾಗೆ. "ಚೊಂಬಲ್ಲೇ ಕೊಡೇ!"